ಹಾಡುವವನು ಬಿಟ್ಟು ಹೋದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸುವವನು ಬದಲಾದರೆ ಎದುರಿಗೆ ಕೂತವರಲ್ಲಿ ಎಷ್ಟು ಜನರಿಗೆ ಗೊತ್ತಾಗುತ್ತದೆ? ಕೀಬೋರ್ಡ್‌ನವನು ಬದಲಾದರೆ ಅವನ ಮನೆಯವರಿಗೆ ಗೊತ್ತಾಗಬಹುದು. ನನ್ನಂಥ ಬೇಸ್ ಗಿಟಾರಿನವನು ಹೋದರಂತೂ ಬಿಡಿ, ಆ ವಾದ್ಯ ಯಾವುದು ಅಂತಲೇ ಬಹಳ ಜನರಿಗೆ ತಿಳಿಯದು. ಆದರೆ ಮುಂದೆ ನಿಂತು ಹಾಡುವವರು ಹೋದರೆ? "ಆ ಬ್ಯಾಂಡ್ ಮುಚ್ಚಿತಂತೆ" ಅಂತ ಮಾತು ಹಬ್ಬುತ್ತದೆ. ಉಳಿದವರೆಲ್ಲ ವಾದ್ಯ ಹಿಡಿದುಕೊಂಡು ಅಲ್ಲೇ ನಿಂತಿರುತ್ತಾರೆ, ಯಾರಿಗೂ ಕಾಣುವುದಿಲ್ಲ.

ಹುಬ್ಬಳ್ಳಿಯಲ್ಲಿ ನಾವು ಫಂಕ್ ಮತ್ತು ಸೋಲ್ ಸಂಗೀತದ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಹುಬ್ಬಳ್ಳಿಯಾಗ ಫಂಕ್ ಏನ್ರಿ ಅಂತ ನಗಬೇಡಿ. ಈ ಸಂಗೀತಕ್ಕೆ ಬೇಕಾದ ಜನ ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಮದುವೆ ಮೆರವಣಿಗೆಗೆ ಬರುವ ಬ್ಯಾಂಡ್ ಕಂಪನಿಗಳಲ್ಲಿ ಟ್ರಂಪೆಟ್, ಸ್ಯಾಕ್ಸೋಫೋನ್ ಊದುವ ಗಟ್ಟಿ ಎದೆಯವರು ಸಿಗುತ್ತಾರೆ. ಮೇ ತಿಂಗಳ ಬಿಸಿಲಲ್ಲಿ ಕುದುರೆಯ ಮುಂದೆ ನಡೆಯುತ್ತ ತಾಸುಗಟ್ಟಲೆ ಊದುವವರಿಗೆ ಫ್ಯಾನ್ ಕೆಳಗೆ ನಿಂತು ಊದುವುದು ಎಷ್ಟರದ್ದು? ಕೇಶ್ವಾಪುರದ ಕಡೆ ಚರ್ಚಿನಲ್ಲಿ ಕೀಬೋರ್ಡ್ ನುಡಿಸಿ ಬೆಳೆದ ಹುಡುಗರಿದ್ದಾರೆ. ಗಣೇಶ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಪಳಗಿದ ಡ್ರಮ್ಮರ್‌ಗಳಿದ್ದಾರೆ.

ಸೋಲ್ ಅಂದರೆ ಅಮೆರಿಕದ ಕಪ್ಪು ಜನರ ಚರ್ಚುಗಳಿಂದ ಬೀದಿಗೆ ಬಂದ ಹಾಡು. ಒಬ್ಬರು ಒಂದು ಸಾಲು ಎತ್ತುತ್ತಾರೆ, ಉಳಿದವರು ಉತ್ತರ ಕೊಡುತ್ತಾರೆ. ನಮ್ಮ ಭಜನಾ ಮೇಳದ ಹಾಗೇ. ಫಂಕ್ ಅದರ ಮಗು, ಆದರೆ ಅಲ್ಲಿ ಲಯದ್ದೇ ಯಜಮಾನಿಕೆ. ಬೇಸ್, ಡ್ರಮ್ಸ್, ಗಿಟಾರ್ ಸೇರಿ ಒಂದು ಚಿಕ್ಕ ತುಣುಕನ್ನು ಬಿಡದೆ ತಿರುಗಿಸುತ್ತವೆ. ಅಮೆರಿಕದ ಹಾಡುಗಾರ ಜೇಮ್ಸ್ ಬ್ರೌನ್ ಈ ಸಂಗೀತದಲ್ಲಿ ಮೊದಲ ಪೆಟ್ಟಿನ ಮೇಲೆ ಎಲ್ಲ ಭಾರ ಹಾಕಿಸಿದರು. ತಬಲಾ ಗೊತ್ತಿದ್ದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅದು ಸಮ್. ಸಮ್ ಸರಿಯಾಗಿ ಬಿದ್ದರೆ ನಡುವೆ ಯಾರು ಎಲ್ಲಿ ಬೇಕಾದರೂ ಆಡಬಹುದು.

ಅಂಥ ಬ್ಯಾಂಡ್‌ನಿಂದ ನಮ್ಮ ಹಾಡುಗಾರ ಹೋದ. ಜಗಳ ಇಲ್ಲ, ಗಿಗಳ ಇಲ್ಲ. ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ಹೋದ. ಈ ಭಾಗದ ಬ್ಯಾಂಡ್‌ಗಳ ಕಥೆಯೆಲ್ಲ ಹೀಗೇ. ಹುಡುಗರು ಕಾಲೇಜಿನಲ್ಲಿರುವಾಗ ತಯಾರಾಗುತ್ತಾರೆ. ಚೆನ್ನಾಗಿ ಹಾಡುವ ಹೊತ್ತಿಗೆ ರೈಲು ಹತ್ತುತ್ತಾರೆ. ಶುರುವಿನಲ್ಲಿ "ಶನಿವಾರ ಬರ್ತೀನಿ" ಅಂತ ಹೇಳಿರುತ್ತಾರೆ. ಎರಡು ಸಲ ಬರುತ್ತಾರೆ. ಮೂರನೇ ಸಲ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲಿರುತ್ತದೆ.

ಎಲ್ಲರೂ ಕೊಟ್ಟ ಸಲಹೆ ಒಂದೇ: "ಅವನ ಹಂಗ ಹಾಡಾವನ್ನ ಹುಡುಕ್ರಿ." ಕೇಳೋದಕ್ಕೆ ಸರಿ ಅನ್ನಿಸುತ್ತದೆ. ನನಗೆ ಮಾತ್ರ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ ಅನ್ನಿಸುತ್ತದೆ. ಯಾಕೆ ಅಂತ ಹೇಳೋದಕ್ಕೆ ಸ್ವಲ್ಪ ದೂರ ಹೋಗಿಬರಬೇಕು.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಅಂತ ಒಂದು ರೆಕಾರ್ಡ್ ಕಂಪನಿ. ಅಲ್ಲಿ ಟೆಂಪ್ಟೇಶನ್ಸ್ ಅನ್ನುವ ಐದು ಜನರ ತಂಡ. ಅದರ ಮುಖ್ಯ ದನಿ ಡೇವಿಡ್ ರಫಿನ್, ಒರಟಾದ, ಅಳು ಬೆರೆತ ದನಿ. 1967ರಲ್ಲಿ ಅದೇ ಕಂಪನಿಯ ಸುಪ್ರೀಮ್ಸ್ ಅನ್ನುವ ಹಾಡುಗಾರ್ತಿಯರ ತಂಡದ ಹೆಸರು, ಮುಖ್ಯ ಹಾಡುಗಾರ್ತಿಯ ಹೆಸರು ಮುಂದೆ ಸೇರಿ, 'ಡಯಾನಾ ರಾಸ್ ಮತ್ತು ಸುಪ್ರೀಮ್ಸ್' ಅಂತಾಯಿತು. ರಫಿನ್ ಅವರಿಗೂ ತಮ್ಮ ಹೆಸರು ಮುಂದೆ ಬರಬೇಕು ಅನ್ನಿಸಿತು. ಉಳಿದವರು ಒಪ್ಪಲಿಲ್ಲ. ರಿಹರ್ಸಲ್ ತಪ್ಪಿತು, ಕಾರ್ಯಕ್ರಮವೂ ತಪ್ಪಿತು. 1968ರಲ್ಲಿ ತಂಡದವರು ಅವರನ್ನು ತೆಗೆದು ಡೆನಿಸ್ ಎಡ್ವರ್ಡ್ಸ್ ಅವರನ್ನು ತಂದರು. ರಫಿನ್ ಸುಮ್ಮನೆ ಕೂರಲಿಲ್ಲ. ಹಳೆಯ ತಂಡದ ಕಾರ್ಯಕ್ರಮಗಳಿಗೆ ಬಂದು, ತಾವು ಹಾಡಿದ್ದ ಹಾಡು ಬಂತು ಅಂದರೆ ಸ್ಟೇಜ್ ಹತ್ತಿ, ಮೈಕ್ ಕಸಿದುಕೊಂಡು ಹಾಡಿಬಿಡುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಪಾಪ, ಹೊಸಬರ ಗತಿ ಏನಾಗಿರಬೇಕು ಯೋಚಿಸಿ.

ಎಡ್ವರ್ಡ್ಸ್ ಅವರ ದನಿಯೂ ಒರಟೇ. ಬೇಕಿದ್ದರೆ ಹಳೆಯ ಹಾಡುಗಳನ್ನೇ ಹಾಡಿಸಿಕೊಂಡು ಕಾಲ ಕಳೆಯಬಹುದಿತ್ತು. ತಂಡದವರು ಹಾಗೆ ಮಾಡಲಿಲ್ಲ. ನಾರ್ಮನ್ ವಿಟ್‌ಫೀಲ್ಡ್ ಅನ್ನುವ ನಿರ್ಮಾಪಕರ ಜತೆ ಕೂತು ಇಡೀ ಶೈಲಿಯನ್ನೇ ಬದಲಿಸಿದರು. ಒಬ್ಬರೇ ಮುಂದೆ ನಿಂತು ಹಾಡುವ ಬದಲು ಐವರೂ ಸಾಲು ಹಂಚಿಕೊಂಡು ಹಾಡಿದರು. ಸೋಲ್ ಹಾಡಿಗೆ ಫಂಕ್ ಲಯ, ಗಿಟಾರ್ ಸದ್ದು ಸೇರಿತು. ಅದೇ ವರ್ಷದ ಕೊನೆಗೆ ಬಂದ ಹಾಡು ಮೋಟೌನ್‌ಗೆ ಮೊದಲ ಗ್ರ್ಯಾಮಿ, ಅಂದರೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ, ತಂದಿತು. ಹಾಡುವವರು ತಂಡ ಬಿಟ್ಟ ವರ್ಷದಲ್ಲೇ ಬಂದ ಹಾಡು!

ಡಯಾನಾ ರಾಸ್ ಅವರೂ ಮುಂದೆ ತಂಡ ಬಿಟ್ಟರು. ಆದರೆ 1970ರ ಜನವರಿ 14ರಂದು ಲಾಸ್ ವೇಗಸ್‌ನಲ್ಲಿ ಬೀಳ್ಕೊಡುಗೆ ಕಾರ್ಯಕ್ರಮ ಮಾಡಿ, ತಮ್ಮ ಜಾಗಕ್ಕೆ ಬರುವ ಜೀನ್ ಟೆರೆಲ್ ಅವರನ್ನು ಜನರಿಗೆ ಪರಿಚಯಿಸಿ ಹೋದರು. ಬಿಡುವುದಿದ್ದರೆ ಹೀಗೆ ಬಿಡಬೇಕು. ಹೊಸಬರಿಗೆ ಅಷ್ಟು ಮಾಡಿದರೆ ಸಾಕು, ಅರ್ಧ ಕೆಲಸ ಆದ ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಮೊಡೋರ್ಸ್ ತಂಡದ ವಿಷಯ. ಅಲಬಾಮಾ ರಾಜ್ಯದ ಟಸ್ಕೀಗೀ ಕಾಲೇಜಿನ ಹುಡುಗರು 1968ರಲ್ಲಿ ಕಟ್ಟಿದ ತಂಡ ಅದು. ನಮ್ಮ ವಿದ್ಯಾನಗರದ ಕಾಲೇಜು ಹುಡುಗರು ಕಟ್ಟುತ್ತಾರಲ್ಲ, ಹಾಗೆ. ಲಯೊನೆಲ್ ರಿಚಿ ಸ್ಯಾಕ್ಸೋಫೋನ್ ಹಿಡಿದುಕೊಂಡು ಸೇರಿದವರು, ಹಾಡುಗಾರರಾಗಿ ಬೆಳೆದರು. ಅವರ ನಿಧಾನದ ಪ್ರೇಮಗೀತೆಗಳು ಎಷ್ಟು ಓಡಿದವು ಅಂದರೆ ಅದು ಮೂಲದಲ್ಲಿ ಫಂಕ್ ತಂಡ ಅನ್ನೋದೇ ಜನರಿಗೆ ಮರೆತುಹೋಯಿತು. 1982ರಲ್ಲಿ ಅವರು ತಂಡ ಬಿಟ್ಟರು. ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಆದರೆ ಆ ತಂಡದಲ್ಲಿ ಡ್ರಮ್ಸ್ ಹಿಂದೆ ಇನ್ನೊಬ್ಬ ಹಾಡುಗಾರರು ಆಗಲೇ ಕೂತಿದ್ದರು, ವಾಲ್ಟರ್ ಆರೆಂಜ್. ತಂಡದ ಹಲವು ಜೋರು ಫಂಕ್ ಹಾಡುಗಳನ್ನು ಹಾಡಿದವರು ಅವರೇ. ಹೀಟ್‌ವೇವ್ ಅನ್ನುವ ಬೇರೆ ತಂಡದಿಂದ ಜೆ.ಡಿ. ನಿಕೋಲಸ್ ಅವರನ್ನೂ ಕರೆತಂದರು. ಇಬ್ಬರೂ ಸೇರಿ 1985ರಲ್ಲಿ 'ನೈಟ್‌ಶಿಫ್ಟ್' ಹಾಡಿದರು. ಅದಕ್ಕೂ ಹಿಂದಿನ ವರ್ಷ ತೀರಿಕೊಂಡ ಮಾರ್ವಿನ್ ಗೇ ಮತ್ತು ಜ್ಯಾಕಿ ವಿಲ್ಸನ್ ಎಂಬ ಇಬ್ಬರು ಗಾಯಕರನ್ನು ನೆನೆಯುವ ಹಾಡು. ಅದಕ್ಕೆ ಗ್ರ್ಯಾಮಿ ಬಂತು. ಲಯೊನೆಲ್ ರಿಚಿ ಇದ್ದಾಗ ತಂಡಕ್ಕೆ ಆ ಪ್ರಶಸ್ತಿ ಸಿಕ್ಕಿರಲಿಲ್ಲ ನೋಡಿ.

ಇದರ ತಿರುಗುಮುರುಗು ಪ್ರಸಂಗವೂ ಒಂದಿದೆ. ಹಾಡುವವರು ಉಳಿದರು, ಬ್ಯಾಂಡೇ ಹೋಯಿತು. 1970ರ ಮಾರ್ಚ್‌ನಲ್ಲಿ ಜೇಮ್ಸ್ ಬ್ರೌನ್ ಅವರ ವಾದಕರು ದುಡ್ಡಿನ ವಿಷಯಕ್ಕೆ ಪಟ್ಟು ಹಿಡಿದರು. ಅವರ ಸಿಟ್ಟಿಗೂ ಕಾರಣ ಇತ್ತು. ಸ್ವರ ತಪ್ಪಿದರೆ, ಬೂಟು ಹೊಳೆಯದಿದ್ದರೆ ಸ್ಟೇಜ್ ಮೇಲೇ ದಂಡ ಹಾಕುವ ಯಜಮಾನ ಅವರು. ಬ್ರೌನ್ ಜಗ್ಗಲಿಲ್ಲ. ಸಿನ್ಸಿನಾಟಿಯಿಂದ ಹೊಸ ಹುಡುಗರ ತಂಡವನ್ನು ವಿಮಾನದಲ್ಲಿ ಕರೆಸಿದರು. ಅದರಲ್ಲಿ ಬೇಸ್ ನುಡಿಸುತ್ತಿದ್ದ ಬೂಟ್ಸಿ ಕಾಲಿನ್ಸ್‌ಗೆ ಆಗ 18 ವರ್ಷ. ಆ ಹುಡುಗ ಒಂದು ವರ್ಷವೂ ನಿಲ್ಲಲಿಲ್ಲ. ಆದರೆ ಅಷ್ಟರಲ್ಲಿ ಜೇಮ್ಸ್ ಬ್ರೌನ್ ಸಂಗೀತದ ಚಹರೆಯೇ ಬದಲಾಗಿತ್ತು. ಬೇಸ್ ನುಡಿಸುವವನಾಗಿ ನಾನು ಈ ಪ್ರಸಂಗವನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತಿರುತ್ತೇನೆ ಅಂತ ನಮ್ಮ ಬ್ಯಾಂಡ್‌ನವರ ದೂರು.

ಸರಿ, ಹುಬ್ಬಳ್ಳಿಗೆ ವಾಪಸ್ ಬರೋಣ. ನಮಗೆ ಸಿಕ್ಕಿದ್ದು ಧಾರವಾಡದಲ್ಲಿ ಹಿಂದೂಸ್ತಾನಿ ಕಲಿತ ಒಬ್ಬ ಹುಡುಗಿ. "ಗಂಡಸರ ಹಾಡು ಹೆಣ್ಣುಮಗಳು ಹೆಂಗ ಹಾಡ್ತಾಳ?" ಅಂತ ಒಂದಿಬ್ಬರು ಕೇಳಿದರು. ಸೋಲ್ ಹಾಡುವ ಗಂಡಸರು ಬಹಳ ಮೇಲಿನ ಸ್ವರದಲ್ಲಿ ಹಾಡುತ್ತಾರೆ. ಹಾಗಾಗಿ ಹೆಣ್ಣು ದನಿಗೆ ಆ ಜಾಗ ಅಷ್ಟೇನೂ ದೂರವಿಲ್ಲ. ನಮ್ಮಲ್ಲಿ ವ್ಯತ್ಯಾಸ ಬಂದದ್ದು ಬರೀ ಅರ್ಧ ಸ್ವರ. ಆ ಅರ್ಧ ಸ್ವರ ನಮ್ಮನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾರ್ಮೋನಿಯಂ ಮನೆಯಲ್ಲಿದ್ದವರು ಮನಸ್ಸಿನಲ್ಲೇ ಬೆರಳಿಟ್ಟು ನೋಡಿ. ಹಳೆಯ ಹಾಡುಗಾರನದು ಕಪ್ಪು ಎರಡು, ಅಂದರೆ ಎರಡನೇ ಕಪ್ಪು ಮನೆಯೇ ಅವನ 'ಸಾ'. ಆಲ್ಟೊ ಸ್ಯಾಕ್ಸೋಫೋನ್‌ನ ಸ್ವಂತ 'ಸಾ' ಇರುವುದೂ ಕಪ್ಪು ಎರಡರಲ್ಲೇ. ಟ್ರಂಪೆಟ್‌ನ 'ಸಾ' ಕಪ್ಪು ಐದು. ಕಪ್ಪು ಎರಡರಲ್ಲಿ ಹಾಡಿದರೆ ಅದಕ್ಕೂ ಆರಾಮ. ಊದುವವರ ಬೆರಳು ತಾವಾಗಿಯೇ ಓಡುತ್ತವೆ. ಹೊಸ ಹುಡುಗಿಯ ಕಂಠ ಕೂತದ್ದು ಬಿಳಿ ಮೂರಕ್ಕೆ. ಪಕ್ಕದ್ದೇ ಮನೆ, ಅಲ್ವಾ? ಗಿಟಾರ್‌ಗೂ ಬೇಸ್‌ಗೂ ಬಿಳಿ ಮೂರು ಅಂದರೆ ಹಬ್ಬ. ನಮ್ಮ ದಪ್ಪ ತಂತಿಯನ್ನು ಬೆರಳಿಡದೆ ಮೀಟಿದರೆ ಬರುವುದೇ ಆ ಸ್ವರ. ಆದರೆ ಟ್ರಂಪೆಟ್, ಸ್ಯಾಕ್ಸೋಫೋನ್‌ಗೆ ಅಲ್ಲಿ ಹೆಚ್ಚುಕಡಿಮೆ ಎಲ್ಲ ಸ್ವರಗಳನ್ನೂ ಅರ್ಧ ಸ್ವರ ಏರಿಸಿ ಊದಬೇಕು. ಒಂದೊಂದು ಸ್ವರಕ್ಕೂ ಬೆರಳು ತೊಡರುತ್ತವೆ.

ನಮ್ಮ ಟ್ರಂಪೆಟ್ ಕಾಕಾ ಮದುವೆ ಬ್ಯಾಂಡ್‌ನಲ್ಲಿ ಊದುತ್ತಲೇ ತಲೆ ಬೆಳ್ಳಗಾದವರು. ಮೊದಲ ದಿನ ನಾಲ್ಕು ಸಾಲು ಊದಿದರು. ಟ್ರಂಪೆಟ್ ಕೆಳಗಿಳಿಸಿ, ತುಟಿ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಏ ತಮ್ಮಾ, ಇದು ಊದೂ ಸ್ಕೇಲ್ ಅಲ್ಲೋ, ಬೆರಳ ಮುರಿಯೂ ಸ್ಕೇಲ್. ಆಕೀಗಿ ಬಿಳಿ ನಾಲ್ಕರಾಗ ಹಾಡ್ಸು." ಬಿಳಿ ನಾಲ್ಕು ಊದುವವರಿಗೆ ಸುಲಭ. ಹುಡುಗಿ ಹಾಡಿ ನೋಡಿದಳು. ಮೊದಲ ಮೂರು ಹಾಡು ಚೆನ್ನಾಗಿಯೇ ಬಂತು. ಆಮೇಲೆ ಮೇಲಿನ ಸ್ವರದಲ್ಲಿ ದನಿ ಹಿಂಜಲು ಶುರುವಾಯಿತು. ಎರಡು ತಾಸಿನ ಕಾರ್ಯಕ್ರಮ ಹಾಗೆ ಎಳೆಯಲಾಗುವುದಿಲ್ಲ. ಆಕೆ ಏನೂ ಹೇಳಲಿಲ್ಲ, ಸುಮ್ನೆ ನೀರು ಕುಡಿದಳು. ಕಾಕಾ ಅದನ್ನು ನೋಡಿದರು. "ಗಂಟಲಕ್ಕ ಟ್ರಂಪೆಟ್ ಹಂಗ ವಾಲ್ವ್ ಇರಂಗಿಲ್ಲಲ್ಲ, ಏನ್ ಮಾಡೂದು. ನಡೀರಿ, ಬಿಳಿ ಮೂರs" ಅಂದರು. ಆಮೇಲೆ ಅವರೂ ಸ್ಯಾಕ್ಸೋಫೋನಿನವರೂ ಮನೆಯಲ್ಲಿ ಕೂತು ಬರೀ ಆ ಸ್ಕೇಲನ್ನೇ ತಿಕ್ಕಿದರು. ಕೆಲವು ಕಡೆ ಊದುವ ಸಾಲನ್ನೇ ಕತ್ತರಿಸಿ ಚಿಕ್ಕದು ಮಾಡಿದೆವು. ಹತ್ತು ಸ್ವರ ಇದ್ದಲ್ಲಿ ಮೂರು. ಫಂಕ್‌ಗೆ ಅದೇ ಜಾಸ್ತಿ ಒಪ್ಪುತ್ತದೆ ಅಂತ ಆಗ ಗೊತ್ತಾಯಿತು.

ದನಿಯ ಮಾತು ಬಂದಾಗ ನಮ್ಮೂರಲ್ಲಿ ಗಂಗೂಬಾಯಿ ಹಾನಗಲ್ಲರನ್ನು ನೆನೆಯದೆ ಮುಂದೆ ಹೋಗುವ ಹಾಗಿಲ್ಲ. ಅವರ ಮೊದಮೊದಲ ಧ್ವನಿಮುದ್ರಿಕೆಗಳಲ್ಲಿ ದನಿ ತೆಳ್ಳಗೆ, ಎತ್ತರದಲ್ಲಿದೆ. ಗಂಟಲಿನ ಚಿಕಿತ್ಸೆಯ ನಂತರ ಅದು ದಪ್ಪಗಾಯಿತು. ಹಳೆಯ ದನಿ ಮತ್ತೆ ಬರಲಿ ಅಂತ ಅವರು ಕಾಯುತ್ತ ಕೂರಲಿಲ್ಲ. ಇದ್ದ ದನಿಗೆ ತಕ್ಕ ಗಾಯನ ಕಟ್ಟಿಕೊಂಡರು. ಇವತ್ತು ನಾವು ಗಂಗೂಬಾಯಿ ಅಂದ ಕೂಡಲೇ ಕಿವಿಗೆ ಬರುವುದು ಆ ಎರಡನೇ ದನಿಯೇ.

ಹಾಗಾಗಿ ನಾವು ಮಾಡಿದ ಮೊದಲ ಕೆಲಸ, ಹಳೆಯ ಹಾಡುಗಾರನ ಹೆಗ್ಗುರುತಾಗಿದ್ದ ಹಾಡುಗಳನ್ನು ಲಿಸ್ಟ್‌ನಿಂದ ತೆಗೆದದ್ದು. ಜನ ಅವನ್ನೇ ಕೇಳುತ್ತಾರೆ, ಗೊತ್ತು. ಆದರೆ ಹೊಸಬಳನ್ನು ಮೊದಲ ದಿನವೇ ಅವನ ಜತೆ ತೂಕಕ್ಕೆ ಹಾಕುವುದು ಯಾವ ನ್ಯಾಯ? ಒಂದು ಹಾಡನ್ನು ನಮ್ಮ ಡ್ರಮ್ಮರ್ ಹಾಡುತ್ತಾನೆ. ಅವನಿಗೆ ಹಾಡಲು ಬರುತ್ತದೆ ಅಂತ ಇಷ್ಟು ವರ್ಷ ಯಾರೂ ಕೇಳಿರಲೇ ಇಲ್ಲ. ಎರಡು ಹಾಡಿನ ನಡುವೆ ಹಾಡುವವರೇ ಇಲ್ಲದ ಒಂದು ತುಣುಕು ಸೇರಿಸಿದೆವು, ಬರೀ ಊದುವವರದ್ದು. ಕ್ಯಾಲಿಫೋರ್ನಿಯಾದ ಓಕ್ಲಂಡ್‌ನಲ್ಲಿ ಟವರ್ ಆಫ್ ಪವರ್ ಅನ್ನುವ ತಂಡ 1968ರಿಂದ ಇದೆ. ಅವರಲ್ಲಿ ಹಾಡುವವರು ಎಷ್ಟೋ ಸಲ ಬದಲಾದರು. ಐದು ಊದುವ ವಾದ್ಯಗಳ ಸಾಲೇ ಅವರ ಗುರುತು, ಹಾಗಾಗಿ ತಂಡ ನಿಂತಿದೆ. ಮದುವೆ ಬ್ಯಾಂಡಿನ ಊರಾದ ನಮ್ಮಲ್ಲಿ ಆ ದಾರಿ ಬಿಟ್ಟುಕೊಟ್ಟರೆ ಹೇಗೆ?

ಇನ್ನು ಯಾರೂ ಹೇಳದ ಒಂದು ತಾಪತ್ರಯ ಇದೆ, ಫೋನ್ ನಂಬರ್. ಜನರಿಗೆ ಗುರುತಿರುವುದು ಹಾಡುವವನ ಮುಖ, ಹಾಗಾಗಿ ಆರ್ಡರ್ ಕೊಡುವವರೆಲ್ಲ ಫೋನ್ ಮಾಡುವುದು ಅವನಿಗೇ. ಬ್ಯಾನರ್ ಮೇಲೆ ಇರುವುದೂ ಅವನ ನಂಬರೇ. ಅವನು ಬೆಂಗಳೂರಿನ ಆಫೀಸಿನ ಮೀಟಿಂಗ್‌ನಲ್ಲಿ ಕೂತಿರುವಾಗ ಹಾವೇರಿಯಿಂದ ಫೋನ್ ಬರುತ್ತದೆ, "ಗಣಪತಿಗೆ ಖಾಲಿ ಅದೀರೇನ್ರಿ?" ಅಂತ. ಬ್ಯಾಂಡ್ ಕಟ್ಟುತ್ತಿರುವ ಹುಡುಗರು ಕೇಳುತ್ತಿದ್ದರೆ ಒಂದು ಮಾತು. ಬ್ಯಾಂಡ್‌ಗೆ ಬೇರೆ ಸಿಮ್ ಇರಲಿ. ಹೆಸರು ಯಾರದ್ದು, ಸ್ಪೀಕರ್ ಯಾರದ್ದು, ದುಡ್ಡಿನಲ್ಲಿ ಪಾಲು ಎಷ್ಟೆಷ್ಟು ಅನ್ನುವುದನ್ನು ಎಲ್ಲರೂ ನಗುನಗುತ್ತ ಇರುವಾಗಲೇ ಬರೆದಿಡಿ. ಅಡ್ವಾನ್ಸ್ ತೆಗೆದುಕೊಂಡ ಕಾರ್ಯಕ್ರಮ ಇದ್ದರೆ, ಹಾಡುವವರು ಬದಲಾಗಿದ್ದಾರೆ ಅಂತ ಕರೆದವರಿಗೆ ಮೊದಲೇ ತಿಳಿಸಿ. ಗದಗಿನ ಕಡೆಯ ಒಬ್ಬ ಹಿರಿಯರಿಗೆ ನಾನು ಹೀಗೆ ತಿಳಿಸಿದಾಗ ಅವರು ಕೇಳಿದ್ದು ಒಂದೇ: "ಆ ತುತ್ತೂರಿ ಊದೂ ಮುದುಕ ಬರ್ತಾನಿಲ್ರಿ?" ಬರ್ತಾರೆ ಅಂದೆ. "ಹಂಗಾದ್ರ ಬರ್ರಿ" ಅಂದರು.

ಈ ಸಲದ ಗಣೇಶ ಹಬ್ಬಕ್ಕೆ ಹಳೆಯ ಹಾಡುಗಾರ ರಜೆ ಹಾಕಿ ಬರುತ್ತಾನಂತೆ. ಒಂದು ಹಾಡು ಹಾಡ್ಲಾ ಅಂತ ಕೇಳಿದ್ದಾನೆ. ಹುಡುಗಿ ಖುಷಿಯಿಂದ ಒಪ್ಪಿದ್ದಾಳೆ. ಒಪ್ಪಿಗೆಗೆ ಷರತ್ತು ಹಾಕಿದವರು ಕಾಕಾ: "ಬರ್ಲಿ, ಹಾಡ್ಲಿ. ಆದ್ರ ನಾ ಕಷ್ಟಪಟ್ಟು ಕಲ್ತೇನಿ, ಬಿಳಿ ಮೂರರಾಗs ಹಾಡಬೇಕು."

ನಮಸ್ಕಾರ.