ಏರ್ ಇಂಟೇಕ್ ಬದಲಿಸಿದರೆ ಪಿಕಪ್ ಬರುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಸ್ಪೋರ್ಟ್ಸ್ ಕಾರು ಕೊಂಡವರು ಗ್ಯಾರೇಜಿನಲ್ಲಿ ಮೊದಲು ಕೇಳುವುದು ಕೋನ್ ಫಿಲ್ಟರನ್ನು, ಅಂದರೆ ಕಂಪನಿಯ ಏರ್ ಫಿಲ್ಟರಿನ ಬದಲು ಹಾಕುವ ಶಂಕುವಿನಾಕಾರದ ಫಿಲ್ಟರನ್ನು. ಅದನ್ನು ಹಾಕಿದರೆ ಕಾಲಿಟ್ಟ ಕೂಡಲೇ ಪಿಕಪ್ ಸಿಗುತ್ತದೆ ಎಂಬ ಮಾತು ಮಂಗಳೂರಿನ ಪಂಪ್‌ವೆಲ್‌ನಿಂದ ಮಣಿಪಾಲದವರೆಗೂ ಕೇಳಿಬರುತ್ತದೆ. ಇದರಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ 6000 ಆರ್‌ಪಿಎಂ ಹತ್ತಿರ ಹೋದಾಗ ಸಿಗುವ ಪವರ್ ಒಂದು. ಒತ್ತಿದ ಕ್ಷಣಕ್ಕೆ ಎಂಜಿನ್ ಎಷ್ಟು ಬೇಗ ಓಗೊಡುತ್ತದೆ ಎಂಬುದು ಇನ್ನೊಂದು. ಇಂಟೇಕ್ (ಎಂಜಿನ್ನಿಗೆ ಗಾಳಿ ತರುವ ಫಿಲ್ಟರ್ ಮತ್ತು ಪೈಪ್) ಮೊದಲನೆಯದಕ್ಕೆ ಸ್ವಲ್ಪ ನೆರವಾಗಬಹುದು, ಎರಡನೆಯದಕ್ಕೆ ಅದರ ಕೊಡುಗೆ ತೀರಾ ಕಡಿಮೆ.

ಏಕೆಂದು ನೋಡೋಣ. ಹೆದ್ದಾರಿಯಲ್ಲಿ ಹದವಾಗಿ ಹೋಗುವಾಗ ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಒತ್ತಡ ಸುಮಾರು 40 ಕಿಲೋಪಾಸ್ಕಲ್ ಇರುತ್ತದೆ. ಹೊರಗಿನ ಗಾಳಿಯದು 101. ನಡುವಿನ ಈ 60 ಕಿಲೋಪಾಸ್ಕಲ್ ಬಹುಪಾಲು ಥ್ರಾಟಲ್ ತಟ್ಟೆ, ಅಂದರೆ ಆಕ್ಸಿಲರೇಟರ್ ಒತ್ತಿದಂತೆ ತೆರೆಯುವ ತಟ್ಟೆ, ಒಡ್ಡುವ ತಡೆ. ಆ ಹೊತ್ತಿಗೆ ಫಿಲ್ಟರಿನ ತಡೆ ಒಂದು ಕಿಲೋಪಾಸ್ಕಲ್ಲಿಗಿಂತ ಎಷ್ಟೋ ಕಡಿಮೆ. ಮನೆಯ ಬಾಗಿಲು ಒಂದು ಗೇಣು ಮಾತ್ರ ತೆರೆದಿರುವಾಗ ಅಂಗಳದ ಗೇಟನ್ನು ಅಗಲ ಮಾಡಿದ ಹಾಗೆ. ಕಾಲಿಟ್ಟಾಗಿನ ಚುರುಕನ್ನು ನಿರ್ಧರಿಸುವುದು ಥ್ರಾಟಲ್ ತಟ್ಟೆಯನ್ನು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎಷ್ಟು ಬೇಗ ತೆರೆಯುತ್ತದೆ ಎಂಬುದು, ತಟ್ಟೆಯ ಆಚೆಗಿನ ಮ್ಯಾನಿಫೋಲ್ಡಿನ ಗಾತ್ರ, ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿನ ತೂಕ. ಟರ್ಬೊ ಇದ್ದರೆ ಅದು ತಿರುಗಿ ಬೂಸ್ಟ್ (ಹೆಚ್ಚುವರಿ ಗಾಳಿಯ ಒತ್ತಡ) ಕಟ್ಟಲು ಬೇಕಾದ ಸಮಯ. ಕೋನ್ ಫಿಲ್ಟರ್ ಖಂಡಿತ ಕೊಡುವುದು ಗಾಳಿ ಎಳೆಯುವ ಸದ್ದು. ಕಿವಿಗೆ ಕೇಳಿದ್ದನ್ನು ಕಾಲು ಪಿಕಪ್ ಎಂದು ನಂಬುತ್ತದೆ.

ಹಳೆಯ ಫಿಲ್ಟರ್ ನಿಜವಾಗಿ ತಡೆಯುತ್ತಿದೆಯೇ ಎಂದು ತಿಳಿಯಲು ಮೇಸ್ತ್ರಿಗಳು ಮಟ್ಟ ನೋಡುವ ಪ್ಲಾಸ್ಟಿಕ್ ಟ್ಯೂಬ್ ಸಾಕು. ಒಂದು ಮೀಟರ್ ಎತ್ತರದ ಹಲಗೆಗೆ ಅದನ್ನು ಇಂಗ್ಲಿಷ್ ಯು ಆಕಾರದಲ್ಲಿ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ. ಒಂದು ತುದಿಯನ್ನು ಫಿಲ್ಟರಿನ ನಂತರದ ಪೈಪಿಗೆ ಜೋಡಿಸಿ, ಇನ್ನೊಂದು ತೆರೆದಿರಲಿ. ಓದುವ ಕೆಲಸ ಪಕ್ಕದಲ್ಲಿ ಕುಳಿತವರದು, ಚಾಲಕರದಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಎರಡು ಬದಿಯ ನೀರಿನ ಅಂತರ 25 ಸೆಂಟಿಮೀಟರ್ ಬಂದರೆ, ಅಂದರೆ ಸುಮಾರು 2.45 ಕಿಲೋಪಾಸ್ಕಲ್, ಗಾಳಿಯ ನಷ್ಟ ಸುಮಾರು 2.4 ಶೇಕಡಾ. ಹೊಸ ಇಂಟೇಕ್ ಅದನ್ನು 15ಕ್ಕೆ ಇಳಿಸಿದರೆ ಗಳಿಕೆ ಸುಮಾರು 1 ಶೇಕಡಾ.

ಈಗ ನಮ್ಮ ಊರಿನ ಸೆಕೆಯ ಲೆಕ್ಕ. ಗಾಳಿ 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು 1 ಶೇಕಡಾ ಇಳಿಯುತ್ತದೆ. ಬಾನೆಟ್ ಒಳಗೆ ತೆರೆದಿಟ್ಟ ಕೋನ್, ಸಿಗ್ನಲ್‌ನಲ್ಲಿ ನಿಂತಾಗ ರೇಡಿಯೇಟರಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಹೊರಗೆ 33 ಡಿಗ್ರಿ, ಒಳಗೆ 60 ಇದ್ದರೆ 8 ಶೇಕಡಾ ಗಾಳಿ ಕಡಿಮೆ. ಗಳಿಸಿದ ಒಂದು ಶೇಕಡಾ ಎಲ್ಲಿ ಹೋಯಿತು? ಕೋನ್ ಹಾಕಲೇಬೇಕಿದ್ದರೆ ಅದರ ಸುತ್ತ ಮುಚ್ಚಿದ ಪೆಟ್ಟಿಗೆ ಬೇಕು, ಮುಂದಿನ ಗ್ರಿಲ್ಲಿನಿಂದ ಅದಕ್ಕೆ ನೇರ ಗಾಳಿ ಬರಬೇಕು.

ಇಂಟೇಕ್ ಬದಲಿಸಿದ ಕಾರುಗಳಿಗೆ ತೊಂದರೆ ಬರುವ ಇನ್ನೊಂದು ಕಡೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರಿನ ಜಾಗ. ಆ ಸೆನ್ಸರ್ ಕೂರುವ ಪೈಪಿನ ವ್ಯಾಸವನ್ನು ಇಸಿಯು ಮೊದಲೇ ಲೆಕ್ಕ ಹಿಡಿದಿರುತ್ತದೆ. 70 ಮಿಲಿಮೀಟರಿನ ಬದಲು 76ರ ಪೈಪ್ ಹಾಕಿದರೆ ಅಡ್ಡಕೊಯ್ತದ ವಿಸ್ತೀರ್ಣ 18 ಶೇಕಡಾ ಹೆಚ್ಚುತ್ತದೆ, ಗಾಳಿಯ ವೇಗ ಇಳಿಯುತ್ತದೆ, ಸೆನ್ಸರ್ ಕಡಿಮೆ ಓದುತ್ತದೆ. ಪೆಟ್ರೋಲೂ ಕಡಿಮೆ ಬೀಳುತ್ತದೆ. ನಿಧಾನಕ್ಕೆ ಹೋಗುವಾಗ, ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಇದನ್ನು ಸರಿಪಡಿಸುತ್ತದೆ. ತಟ್ಟನೆ ಕಾಲಿಟ್ಟಾಗ ಆ ತಿದ್ದುಪಡಿ ಹಿಂದೆ ಬೀಳುತ್ತದೆ. ಎಂಜಿನ್ ಒಮ್ಮೆ ತಡವರಿಸಿ ಆಮೇಲೆ ಎಳೆಯುತ್ತದೆ. ಚುರುಕಿಗೆಂದು ಹಾಕಿದ ಭಾಗವೇ ಚುರುಕನ್ನು ಕಸಿಯುವುದು ಹೀಗೆ. ಸ್ಕ್ಯಾನರ್ ಹಾಕಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲಿಗೆ ಮಾಡುತ್ತಿರುವ ತಿದ್ದುಪಡಿಯ ಅಂಕಿ) ನೋಡಿ. ಎಲ್ಲ ಆರ್‌ಪಿಎಂನಲ್ಲೂ 10 ಶೇಕಡಾಕ್ಕಿಂತ ಮೇಲಿದ್ದರೆ ಪೈಪಿನ ವ್ಯಾಸ ಹೊಂದದಿರುವ ಸಾಧ್ಯತೆ ಹೆಚ್ಚು. ಐಡ್ಲಿಂಗ್‌ನಲ್ಲಿ ಮಾತ್ರ ಏರಿದ್ದು, ಆರ್‌ಪಿಎಂ ಏರಿದಂತೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಬ್ರೀದರ್ ಹೋಸ್, ಕ್ಲಿಪ್ಪುಗಳನ್ನು ಪರೀಕ್ಷಿಸಿ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎಂದು ಹೇಳುವ ಪಿ0171 ಕೋಡ್ ಬರುವುದೂ ಹೀಗೆಯೇ. ಎಣ್ಣೆ ಹಚ್ಚಿದ ಬಟ್ಟೆ ಫಿಲ್ಟರಿನಲ್ಲಿ ಎಣ್ಣೆ ಅತಿಯಾದರೆ ಸೆನ್ಸರಿನ ತಂತಿಗೆ ಅಂಟುತ್ತದೆ. ಅದಕ್ಕೆಂದೇ ಇರುವ ಕ್ಲೀನರ್ ಸಿಂಪಡಿಸಿ, ಬಟ್ಟೆಯಿಂದ ಒರೆಸಬೇಡಿ. ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ಮಾತ್ರ ಇರುವ ಕಾರುಗಳಿಗೆ ಈ ತೊಂದರೆಗಳಿಲ್ಲ.

ಕೊನೆಯದಾಗಿ ಮಳೆ. ಫಿಲ್ಟರನ್ನು ಬಂಪರಿನ ಹಿಂದೆ ತಗ್ಗಿನಲ್ಲಿ ಕೂರಿಸುವ ಕಿಟ್‌ಗಳಿಗೆ ತಂಪು ಗಾಳಿ ಸಿಗುವುದು ನಿಜ. ಆದರೆ ಜೂನ್‌ನಲ್ಲಿ ಪಡೀಲಿನ ರೈಲ್ವೆ ಕೆಳಸೇತುವೆ ಅಥವಾ ಕೊಟ್ಟಾರ ಚೌಕಿಯ ನೀರಿಗೆ ಇಳಿದರೆ ಅದೇ ಫಿಲ್ಟರ್ ನೀರು ಕುಡಿಯುತ್ತದೆ. 2000 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಕಂಪ್ರೆಶನ್ 10:1 ಎಂದಿಟ್ಟುಕೊಳ್ಳಿ. ಪಿಸ್ಟನ್ ಮೇಲೆ ಬಂದಾಗ ಒಂದು ಸಿಲಿಂಡರಿನಲ್ಲಿ ಉಳಿಯುವ ಜಾಗ ಸುಮಾರು 56 ಸಿಸಿ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಅಷ್ಟು ಸೇರಿದರೆ ಸಾಕು, ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೇ ಮುಗಿಯುವ ಮೊದಲೇ ಕಂಪನಿಯ ಏರ್‌ಬಾಕ್ಸನ್ನು ಮರಳಿ ಜೋಡಿಸಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಕಾರನ್ನು ಎಳೆಸಿ ತಂದು, ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಎಂಜಿನ್ನನ್ನು ಕೈಯಿಂದ ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿ, ಆಮೇಲಷ್ಟೇ ಸ್ಟಾರ್ಟರ್ ಮುಟ್ಟಿ.