ಪೇರಲೆ ಗಿಡದ ಬಿಳಿ ಹುಳ

ಕೇಳುಗರಿಗೆಲ್ಲ ನಮಸ್ಕಾರ.

ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಲಲ್ಲಿ ನಾಲ್ಕು ಪೇರಲೆ ಗಿಡಗಳಿವೆ. ಒಂದು ಬೇಸಿಗೆಯಲ್ಲಿ ಎಲೆಯಡಿ, ಕಾಯಿ ತೊಟ್ಟು, ಎಲ್ಲ ಕಡೆ ಹಿಟ್ಟು ತಿಗಣೆ, ಅಂದರೆ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ, ಗಿಡದ ರಸ ಹೀರುವ ಕೀಟ. ನಡುವೆ ಮೈತುಂಬ ಬಿಳಿ ಮೇಣದ ಎಳೆ ಹೊತ್ತ ದೊಡ್ಡ ಹುಳಗಳು ಓಡಾಡುತ್ತಿದ್ದವು. ಬಲಿತ ತಿಗಣೆ ಇವೇ ಅಂದುಕೊಂಡೆ. ಔಷಧಿ ತಂದು ಗಿಡ ತೊಯ್ಯುವಂತೆ ಹೊಡೆದೆ. ಸ್ವಲ್ಪ ದಿನ ಗಿಡ ಚೊಕ್ಕಟವಾಗಿತ್ತು. ಎರಡು ತಿಂಗಳಲ್ಲಿ ತಿಗಣೆ ಮೊದಲಿಗಿಂತ ಜಾಸ್ತಿಯಾಯಿತು. ಆ ದೊಡ್ಡ ಹುಳ ಮಾತ್ರ ಒಂದೂ ಕಾಣಲಿಲ್ಲ.

ನಾನು ಕೊಂದದ್ದು ತಿಗಣೆಯನ್ನೇ ತಿಂದು ಬದುಕುವ ಒಂದು ಗುಲಗಂಜಿ ಹುಳದ (ಲೇಡಿಬರ್ಡ್) ಮರಿಗಳನ್ನು. ಇದಕ್ಕೆ ಕ್ರಿಪ್ಟೊಲೀಮಸ್ ಅಂತ ಹೆಸರು. 1898ರಲ್ಲಿ ಕಾಫಿಯ ಹಸಿರು ತಿಗಣೆ ಹತೋಟಿಗೆಂದು ಆಸ್ಟ್ರೇಲಿಯಾದಿಂದ ತಂದದ್ದು. ಆ ಕೆಲಸ ಅದಕ್ಕೆ ಒಗ್ಗಲಿಲ್ಲ. ಹಿಟ್ಟು ತಿಗಣೆ ತಿನ್ನುತ್ತ ಇಲ್ಲಿಯದೇ ಆಗಿಹೋಯಿತು. ಮರಿ ನೋಡಲು ತಿಗಣೆಯ ಹಾಗೇ ಇರುತ್ತದೆ. ಆದರೆ ಬಲಿತ ಮರಿ ತಿಗಣೆಗಿಂತ ಎಷ್ಟೋ ದೊಡ್ಡದು, ನಡಿಗೆಯೂ ಚುರುಕು.

ಅದೇ ಔಷಧಿಗೆ ತಿಗಣೆ ಹೇಗೆ ಉಳಿಯಿತು? ತಿಗಣೆಗೆ ಮೇಣದ ಹೊದಿಕೆ ಇದೆ. ತೊಗಟೆಯ ಸಂದಿಯಲ್ಲಿ ಅಡಗುತ್ತದೆ. ಹತ್ತಿಯಂಥ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಗುಲಗಂಜಿ ಹುಳ ಊಟ ಹುಡುಕುತ್ತ ಎಲೆಯೆಲೆ ತಿರುಗಬೇಕು. ಕಾಲಿಗೆ ವಿಷ ಅಂಟುತ್ತದೆ, ವಿಷ ತಾಗಿದ ತಿಗಣೆ ತಿಂದರೆ ಹೊಟ್ಟೆಗೂ ಹೋಗುತ್ತದೆ. ಹೇಗೋ ಬದುಕಿದರೂ ತಿನ್ನಲು ಏನೂ ಇಲ್ಲ. ತಿಗಣೆ ಮತ್ತೆ ಹೆಚ್ಚಿದ ಮೇಲಷ್ಟೇ ಅದರ ಸಂತತಿ ಚೇತರಿಸಿಕೊಳ್ಳಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಹೀಗೇ ಆಗಿತ್ತು. ಅಲ್ಲಿನ ಕಿತ್ತಳೆ, ನಿಂಬೆ ತೋಟಗಳನ್ನು ಒಂದು ಬಿಳಿ ತಿಗಣೆ ಹಾಳು ಮಾಡುತ್ತಿತ್ತು. 1888ರಲ್ಲಿ ಆಸ್ಟ್ರೇಲಿಯಾದಿಂದ ವೆಡಾಲಿಯಾ ಎಂಬ ಗುಲಗಂಜಿ ಹುಳ ತಂದು ಬಿಟ್ಟರು. ತೋಟಗಳು ಉಳಿದವು. 1940ರ ದಶಕದಲ್ಲಿ ಡಿಡಿಟಿ ಎಂಬ ಕೀಟನಾಶಕ ಹೊಡೆದರು. ಗುಲಗಂಜಿ ಹುಳ ಸತ್ತಿತು, ಹಳೆಯ ತಿಗಣೆ ಮತ್ತೆ ಎದ್ದಿತು.

ನಮ್ಮ ಅಡಿಕೆ ಸಸಿಗೆ ಬೇಸಿಗೆಯಲ್ಲಿ ನುಸಿ ಬರುತ್ತದೆ, ಅಲ್ವಾ? ಅದನ್ನು ತಿನ್ನುವ ಸ್ಟೆಥೋರಸ್ ಎಂಬ ಕಪ್ಪು ಹುಳ ಸಾಸಿವೆ ಕಾಳಿಗಿಂತ ಚಿಕ್ಕದು. ಕಣ್ಣಿಗೇ ಬೀಳುವುದಿಲ್ಲ, ಹಾಗಾಗಿ ಸತ್ತರೂ ಗೊತ್ತಾಗುವುದಿಲ್ಲ.

ಈಗ ನಾನು ಇಡೀ ಗಿಡಕ್ಕೆ ಹೊಡೆಯುವುದಿಲ್ಲ. ತಿಗಣೆ ಮುತ್ತಿದ ರೆಂಬೆ ಕತ್ತರಿಸುತ್ತೇನೆ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಬಿಡುತ್ತೇನೆ.

ಇನ್ನೊಂದು ಮಾತು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯುವಾಗ "ಹೇಗೂ ಮರ ಹತ್ತಿದ್ದಾರಲ್ಲ" ಅಂತ ಸುಮ್ನೆ ಅದೇ ಡ್ರಮ್ಮಿಗೆ ಕೀಟನಾಶಕ ಸುರಿಯಬೇಡಿ. ಬೋರ್ಡೋದ ಸುಣ್ಣಕ್ಕೆ ಎಷ್ಟೋ ಕೀಟನಾಶಕಗಳ ಶಕ್ತಿಯೇ ಕುಂದುತ್ತದೆ. ಹುಳ ಇದೆಯೋ ಇಲ್ಲವೋ, ಮೊದಲು ಸೋಗೆ ತಿರುಗಿಸಿ ನೋಡಿ. ನಮಸ್ಕಾರ.