ಗೇಟು ತೆರೆದ ಮೇಲೆ ಒಂದು ಹಾಳೆಗಾಗಿ ನಡೆಯುವ ಹೋರಾಟ

(ದೃಶ್ಯ: ಎತ್ತರದ ಗೋಡೆಯ ಶೆಡ್, ಹೊರಗಿನಿಂದ)

ನಮಸ್ಕಾರ. 2018ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯ ಅರಸೀಕೆರೆ ತಾಲೂಕಿನ ಒಂದು ಶೆಡ್ಡಿನಿಂದ ಪೊಲೀಸರು 52 ಮಂದಿ ಕೂಲಿಕಾರರನ್ನು ಬಿಡಿಸಿದರು. ಒಳ್ಳೆಯ ಕೂಲಿ ಸಿಗುತ್ತದೆಂದು ನಂಬಿಸಿ ಕರೆತಂದು, ಹಗಲೆಲ್ಲ ದುಡಿಸಿ, ಕೂಡಿಹಾಕುತ್ತಿದ್ದ ಆ ಜಾಗದಿಂದ ಒಬ್ಬಾತ ಗೋಡೆ ಹಾರಿ ಪೊಲೀಸರನ್ನು ಮುಟ್ಟಿದ್ದರಿಂದಲೇ ವಿಷಯ ಹೊರಬಂತು. ಇಂತಹ ಸುದ್ದಿಗಳು ಟಿ.ವಿ.ಯಲ್ಲಿ ಸಾಮಾನ್ಯವಾಗಿ ಗೇಟು ತೆರೆಯುವ ದೃಶ್ಯಕ್ಕೇ ಮುಗಿದುಹೋಗುತ್ತವೆ. ನಾವು ಇಂದು ಮಾತನಾಡುವುದು ಅದರ ಮರುದಿನ ಬೆಳಿಗ್ಗೆಯಿಂದ ಶುರುವಾಗುವ ಕೆಲಸದ ಬಗ್ಗೆ, ಅಂದರೆ ಇವರು ಜೀತದಿಂದ ಬಿಡುಗಡೆಯಾದವರು ಎಂದು ಸರ್ಕಾರಿ ಅಧಿಕಾರಿ ಬರೆದುಕೊಡುವ ಬಿಡುಗಡೆ ಪತ್ರ ಎಂಬ ಒಂದೇ ಒಂದು ಹಾಳೆಯ ಬಗ್ಗೆ.

ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದರ ಪ್ರಕಾರ ಜೀತವೆಂದರೆ ಕಾಲಿಗೆ ಸರಪಳಿ ಹಾಕಿರಲೇಬೇಕೆಂದಿಲ್ಲ. ಮುಂಗಡ ಪಡೆದ ಕಾರಣಕ್ಕೆ ಒಬ್ಬ ವ್ಯಕ್ತಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಬೇಕಾಗಿ ಬಂದರೆ, ಬೇರೆಡೆ ಕೆಲಸಕ್ಕೆ ಹೋಗುವ ಹಕ್ಕನ್ನು ಕಳೆದುಕೊಂಡರೆ, ಅಥವಾ ತನಗೆ ಬೇಕಾದಾಗ ಊರಿಗೆ ಹೋಗಿಬರುವ ಸ್ವಾತಂತ್ರ್ಯವೂ ಇಲ್ಲವಾದರೆ, ಅದು ಜೀತವೇ. ಆ ಸಾಲ ಕಾನೂನಿನ ಕಣ್ಣಿನಲ್ಲಿ ತೀರಿಹೋದ ಸಾಲ. ತೀರಿದ ಸಾಲವನ್ನು ಮತ್ತೆ ವಸೂಲಿ ಮಾಡುವುದು ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ. ಇದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆಯೂ ಸಾಲ ಕೊಟ್ಟವನದೇ ಹೊರತು ದುಡಿದವನದಲ್ಲ.

(ದೃಶ್ಯ: ಇಟ್ಟಿಗೆ ಗೂಡು, ಮಾಲೀಕನ ಮೇಜಿನ ಮೇಲೆ ಉದ್ದನೆಯ ನೋಟ್ ಪುಸ್ತಕ)

ಇಟ್ಟಿಗೆ ಗೂಡಿನ ಲೆಕ್ಕದ ಪುಸ್ತಕ ಹೇಗಿರುತ್ತದೆಂದು ನೋಡೋಣ. ಮೊದಲ ಸಾಲಿನಲ್ಲಿ ಗಂಡನ ಹೆಸರು ಮತ್ತು ಮುಂಗಡದ ಮೊತ್ತ ಇರುತ್ತದೆ. ಕೆಳಗೆ ವಾರವಾರದ ಸಂತೆ ಖರ್ಚು, ಮಗುವಿಗೆ ಜ್ವರ ಬಂದಾಗ ಕೊಟ್ಟ ಹಣ, ಮಳೆ ಬಂದು ಹಸಿ ಇಟ್ಟಿಗೆ ಹಾಳಾದರೆ ಅದರ ನಷ್ಟ, ಎಲ್ಲವೂ ಒಂದರ ಕೆಳಗೊಂದು ಬರೆದಿರುತ್ತದೆ. ಜೊತೆಗೆ ದುಡಿಯುವ ಹೆಂಡತಿಯ ಹೆಸರಾಗಲಿ, ಕೈಜೋಡಿಸುವ ಮಕ್ಕಳ ಹೆಸರಾಗಲಿ ಪುಸ್ತಕದಲ್ಲಿ ಎಲ್ಲಿಯೂ ಇರುವುದಿಲ್ಲ. ಪುಸ್ತಕದಲ್ಲಿಲ್ಲದವರು ಅಧಿಕಾರಿಯ ವಿಚಾರಣೆಯಲ್ಲೂ ಕಾಣದೆ ಹೋಗುವ ಅಪಾಯವಿರುವುದರಿಂದ, ಅನುಭವವಿರುವ ಕಾರ್ಯಕರ್ತರು ಮೊದಲು ಕೇಳುವುದು ಆ ಪುಸ್ತಕವನ್ನು ಮಹಜರಿನಲ್ಲಿ ವಶಕ್ಕೆ ತೆಗೆದುಕೊಂಡಿದ್ದಾರೆಯೇ ಎಂದು. ಎರಡನೆಯದಾಗಿ ಕೇಳುವುದು ಹೆಂಗಸರ ಹೇಳಿಕೆಯನ್ನು ಬೇರೆಯಾಗಿ ಬರೆದುಕೊಂಡಿದ್ದಾರೆಯೇ ಎಂದು.

ಹೇಳಿಕೆಯ ಹಂತದಲ್ಲೇ ಅನೇಕ ಪ್ರಕರಣಗಳು ದಾರಿ ತಪ್ಪುತ್ತವೆ. 'ನಿಮ್ಮನ್ನು ಕಟ್ಟಿಹಾಕಿದ್ದರೇ?' ಎಂದು ಅಧಿಕಾರಿ ಕೇಳಿದರೆ 'ಇಲ್ಲ ಸ್ವಾಮಿ' ಎಂಬ ಉತ್ತರವೇ ಬರುತ್ತದೆ. 'ಮುಂಗಡ ತೀರಿಸದೆ ಬೇರೆ ಗೂಡಿಗೆ ಹೋಗುತ್ತೇನೆ ಎಂದಿದ್ದರೆ ಬಿಡುತ್ತಿದ್ದರೇ?' ಎಂದು ಕೇಳಿದ್ದರೆ ಅದೇ ಮನುಷ್ಯನಿಂದ ಬೇರೆ ಉತ್ತರ ಬರುತ್ತಿತ್ತು. ಮೊದಲ ಪ್ರಶ್ನೆಯೊಂದನ್ನೇ ಕೇಳಿ, 'ಇದು ಕೂಲಿ ತಗಾದೆ, ಜೀತವಲ್ಲ' ಎಂದು ಷರಾ ಬರೆದು ಕಡತ ಮುಚ್ಚುವುದು ಸೋಮಾರಿತನವಷ್ಟೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ತಾಲೂಕಿನಲ್ಲಿ ಜೀತವಿದೆಯೆಂದು ಒಪ್ಪಿಕೊಂಡರೆ ಇಷ್ಟು ದಿನ ಏಕೆ ಕಾಣಲಿಲ್ಲ ಎಂಬ ಪ್ರಶ್ನೆ ತಮ್ಮ ಮೇಜಿಗೇ ಬಂದು ಕೂರುತ್ತದೆಂಬ ಅಂಜಿಕೆಯೂ ಅದರಲ್ಲಿದೆ. 'ಒಪ್ಪಿಯೇ ಬಂದಿದ್ದರು' ಎಂಬ ಮಾತಿಗೂ ಕಾನೂನಿನಲ್ಲಿ ಉತ್ತರವಿದೆ: ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ, ಹೀಗೆ ನಂಬಿಸಿ ಕರೆತಂದು ಶೋಷಿಸುವ ಮಾನವ ಕಳ್ಳಸಾಗಣೆಯ ಅಪರಾಧವನ್ನು ನಿರ್ಧರಿಸುವಾಗ ಸಂತ್ರಸ್ತರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ.

ಹರಿಯಾಣದ ಫರೀದಾಬಾದಿನ ಕಲ್ಲು ಕ್ವಾರಿಗಳ ಕೂಲಿಕಾರರ ಪರವಾಗಿ, ಜೀತ ವಿಮುಕ್ತಿಗಾಗಿ ಹೋರಾಡುವ ಬಂಧುವಾ ಮುಕ್ತಿ ಮೋರ್ಚಾ ಸಂಘಟನೆ ಬರೆದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಪರಿಗಣಿಸಿತ್ತು. 1983ರ ಡಿಸೆಂಬರ್‌ನ ಆ ತೀರ್ಪಿನಲ್ಲಿ, ಬಲವಂತದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡ ಅಥವಾ ಅಂಥದ್ದೇ ಆರ್ಥಿಕ ಕಟ್ಟು ಇದೆಯೆಂದೇ ಭಾವಿಸಬೇಕು ಎಂದು ನ್ಯಾಯಾಲಯ ಹೇಳಿತು. ನಾಲ್ಕು ದಶಕ ಹಳೆಯ ಈ ತೀರ್ಪಿನ ಪ್ರತಿಯನ್ನು ಇಂದಿಗೂ ಅರ್ಜಿಯ ಜೊತೆ ಲಗತ್ತಿಸಬೇಕಾಗಿ ಬರುವುದು ಸೋಜಿಗವೇ ಸರಿ.

(ದೃಶ್ಯ: ಉಪವಿಭಾಗಾಧಿಕಾರಿ ಕಚೇರಿಯ ಸಭಾಂಗಣ, ಖಾಲಿ ಕುರ್ಚಿಗಳು)

ಈಗ ಹೊಣೆಗಾರಿಕೆಯ ಮಾತಿಗೆ ಬರೋಣ. ಪ್ರತಿ ಜಿಲ್ಲೆಯಲ್ಲೂ ಪ್ರತಿ ಉಪವಿಭಾಗದಲ್ಲೂ ಜಾಗೃತ ಸಮಿತಿ ಇರಬೇಕೆಂದು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಸಮಿತಿಯಲ್ಲಿ ಅಧಿಕಾರಿಗಳು ಮಾತ್ರವಲ್ಲದೆ, ಅಲ್ಲಿಯೇ ವಾಸಿಸುವ ಪರಿಶಿಷ್ಟ ಜಾತಿ ಅಥವಾ ಪಂಗಡದ ಮೂವರು ಮತ್ತು ಇಬ್ಬರು ಸಮಾಜ ಸೇವಕರು ಇರಲೇಬೇಕು. ಬಿಡುಗಡೆಯಾದವರ ಮೇಲೆ ಹಳೆಯ ಧಣಿ ಸಾಲ ವಸೂಲಿಗೆ ದಾವೆ ಹೂಡಿದರೆ ಅವರ ಪರವಾಗಿ ನಿಲ್ಲುವ ಕರ್ತವ್ಯವೂ ಈ ಸಮಿತಿಯದೇ. ಆದ್ದರಿಂದ ಕಚೇರಿಯ ಬಾಗಿಲಲ್ಲಿ ಮನವಿ ಪತ್ರ ಹಿಡಿದು ನಿಲ್ಲುವವರಿಗೆ ಒಳಗೆ ಕುರ್ಚಿಯೇ ಉಂಟು. ಅದನ್ನು ಕೇಳಿ ಪಡೆಯಬೇಕಷ್ಟೆ. ಕರ್ನಾಟಕದಲ್ಲಿ ಕಿರಣ್ ಕಮಲ್ ಪ್ರಸಾದ್ ಅವರು ಕಟ್ಟಿದ ಜೀವಿಕ ಸಂಘಟನೆ ಹಳ್ಳಿಗಳಲ್ಲಿ ಜೀತದಾಳುಗಳನ್ನು ಪತ್ತೆಹಚ್ಚಿ, ಅವರ ಬಿಡುಗಡೆ ಮತ್ತು ಪುನರ್ವಸತಿಗಾಗಿ ಆಡಳಿತದ ಬೆನ್ನುಬಿದ್ದು ದುಡಿಯುತ್ತ ಬಂದಿದೆ. ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ, ಅದರ ಸಭಾ ನಡಾವಳಿ ಎಲ್ಲಿದೆ, ಸದಸ್ಯರು ಯಾರು ಎಂಬ ಮೂರು ಪ್ರಶ್ನೆಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಸಭೆಯೇ ನಡೆಯದ ಕಡೆ, ಈ ಅರ್ಜಿ ತಲುಪಿದ ಮೇಲೆ ಸಭೆಯ ನೋಟಿಸ್ ಹೊರಡುವುದೂ ಉಂಟು.

ಹಣದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆಯಂತಹ ಅತಿ ಘೋರ ಸ್ಥಿತಿಯಿಂದ ಬಿಡಿಸಲ್ಪಟ್ಟವರಿಗೆ 3 ಲಕ್ಷ ರೂಪಾಯಿ ನಿಗದಿಯಾಗಿದೆ. 30,000 ರೂಪಾಯಿವರೆಗಿನ ತಕ್ಷಣದ ನೆರವಿಗೆ ಮೊಕದ್ದಮೆಯ ತೀರ್ಪನ್ನು ಕಾಯಬೇಕಿಲ್ಲ. ಪೂರ್ಣ ಮೊತ್ತವನ್ನು ಮಾತ್ರ ನ್ಯಾಯಿಕ ಪ್ರಕ್ರಿಯೆಗೆ ತಳುಕು ಹಾಕಿರುವುದರಿಂದ ಅದು ವರ್ಷಗಟ್ಟಲೆ ಎಳೆಯಬಹುದು. ಅಧಿಕಾರಿಗಳೇ ನಡೆಸಬೇಕಾದ ವಿಚಾರಣೆ ತಡವಾದರೆ ಅದರ ಶಿಕ್ಷೆ ಕೂಲಿಯವನಿಗೆ ಆಗುವಂತೆ ನಿಯಮ ರೂಪಿಸಿದ್ದು ಸರಿಯೆಂದು ನನಗೆ ಅನಿಸುವುದಿಲ್ಲ. ಈ ಅವಧಿಯಲ್ಲಿ ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಮಾನವ ಕಳ್ಳಸಾಗಣೆಗೆ ಮತ್ತು ಬಿಟ್ಟಿ ಚಾಕರಿಗೆ ಒಳಗಾದವರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು.

(ದೃಶ್ಯ: ಕಚೇರಿಯ ಮೆಟ್ಟಿಲು, ಕೈಯಲ್ಲಿ ಮಡಚಿದ ಹಾಳೆ)

ಕೊನೆಗೆ ಆ ಹಾಳೆ ಕೈಗೆ ಬಂದಾಗ ಮೆಟ್ಟಿಲಿಳಿದು ಹೊರಡುವ ಅವಸರ ಬೇಡ. ಅಲ್ಲಿಯೇ ನಿಂತು, ಓದು ಬಾರದವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿರಿ. ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ, ಗಂಡ ಹೆಂಡತಿ ಇಬ್ಬರಿಗೂ ಬೇರೆಬೇರೆ ಪತ್ರ ಬಂದಿದೆಯೇ, ದುಡಿಸಿಕೊಂಡವನ ಹೆಸರು, ದಿನಾಂಕ, ಸಹಿ ಮತ್ತು ಮೊಹರು ಇವೆಯೇ ಎಂದು ನೋಡಿರಿ. ತಪ್ಪಿದ್ದರೆ ಅದೇ ಮೆಟ್ಟಿಲು ಹತ್ತಿ, ಅದೇ ದಿನ ತಿದ್ದಿಸಿಕೊಂಡು ಬನ್ನಿ. ಊರು ಸೇರಿದ ಮೇಲೆ ಆ ಒಂದು ಅಕ್ಷರಕ್ಕಾಗಿ ಮತ್ತೆ ಬಸ್ ಖರ್ಚು ಹಾಕಿಕೊಂಡು ಬರಬೇಕಾಗುತ್ತದೆ.